ಕೊಬ್ಬಿನ ಸಂಸಾರಕ್ಕೆ ಹುಳಿ ಹಿಂಡಿದಾಗ

ಮಿಶೆಲ್ ಯೂಜೀನ್ ಶೆವ್ರೆಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಬದುಕಿದ್ದು 102 ವರ್ಷ. 1786ರಲ್ಲಿ ಆತ ಹುಟ್ಟಿದಾಗ ಫ್ರಾನ್ಸಿನಲ್ಲಿ ರಾಜನ ಆಳ್ವಿಕೆ. 1889ರಲ್ಲಿ ತೀರಿಕೊಂಡಾಗ ಪ್ಯಾರಿಸಿನಲ್ಲಿ ಐಫೆಲ್ ಗೋಪುರ ಎದ್ದು ನಿಂತಿತ್ತು. ಕೊಬ್ಬು ಎಂದರೇನು ಎಂಬ ಪ್ರಶ್ನೆಗೆ ಇಂದು ನಾವು ಕೊಡುವ ಉತ್ತರದ ಬಹುಪಾಲು ಆತ ಹಾಕಿದ ತಳಪಾಯದ ಮೇಲೆ ನಿಂತಿದೆ. ಹಾಗಿದ್ದೂ ನಮ್ಮ ಪಠ್ಯಪುಸ್ತಕಗಳಲ್ಲಿ ಆತನ ಹೆಸರು ಕಾಣುವುದು ಅಪರೂಪ.

1811ರ ಸುಮಾರಿಗೆ ಶೆವ್ರೆಲ್ ಕೈಹಾಕಿದ್ದು ಸಾಬೂನಿಗೆ. ಹಂದಿಯ ಕೊಬ್ಬನ್ನು ಪೊಟ್ಯಾಷಿನೊಂದಿಗೆ ಬೇಯಿಸಿ ಮಾಡಿದ ಮೆದು ಸಾಬೂನು ಅದು. ಹೇರಳ ನೀರಿಗೆ ಹಾಕಿದಾಗ ಅದರಲ್ಲಿ ಒಂದು ಪಾಲು ಕರಗಿತು. ಇನ್ನೊಂದು ಪಾಲು ಮುತ್ತಿನ ಹೊಳಪಿನ ಹಕ್ಕಳೆಗಳಾಗಿ ಬೇರ್ಪಟ್ಟಿತು. ಆ ಹಕ್ಕಳೆಗಳಿಗೆ ಆಮ್ಲ ಬೆರೆಸಿದಾಗ ಮೇಣದಂಥ ವಸ್ತುವೊಂದು ಹೊರಬಂತು. ಅದು ನೋಡುವುದಕ್ಕೆ ಕೊಬ್ಬು, ಗುಣದಲ್ಲಿ ಆಮ್ಲ. ಕೊಬ್ಬಿನಾಮ್ಲ ಎಂಬ ವರ್ಗವೇ ಇದೆ ಎಂಬುದು ಹೀಗೆ ಬೆಳಕಿಗೆ ಬಂತು. ಕೆಲವೇ ವರ್ಷಗಳ ನಂತರ, 1815ರ ಹೊತ್ತಿಗೆ, ಇದೇ ಶೆವ್ರೆಲ್ ಪಿತ್ತಕೋಶದ ಕಲ್ಲುಗಳಲ್ಲಿ ಸಿಗುವ ಬಿಳಿಯ ವಸ್ತುವನ್ನು ಪರೀಕ್ಷಿಸಿದ. ಕ್ಷಾರದಲ್ಲಿ ಎಷ್ಟು ಕುದಿಸಿದರೂ ಅದು ಸಾಬೂನಾಗಲಿಲ್ಲ. ಹಾಗಾದರೆ ಇದು ಮಾಮೂಲಿ ಕೊಬ್ಬಲ್ಲ ಎಂದು ತೀರ್ಮಾನಿಸಿ ಅದಕ್ಕೆ ಕೊಲೆಸ್ಟರೀನ್ ಎಂದು ಹೆಸರಿಟ್ಟ. ಇಂದಿನ ಕೊಲೆಸ್ಟ್ರಾಲ್ ಅದೇ.

ಒಂದು ಕ್ಷಾರಕ್ಕೆ ಓಗೊಡುವ ವಸ್ತು, ಇನ್ನೊಂದು ಓಗೊಡದ ವಸ್ತು. ಎರಡೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಬಂದಿದ್ದವು. ಎರಡನ್ನೂ ಕಲೆಸಿಟ್ಟು, ಅದಕ್ಕೆ ಸ್ವಲ್ಪ ಸ್ವಲ್ಪವೇ ಹುಳಿ ಹಿಂಡುತ್ತ ಹೋದರೆ ಏನಾಗುತ್ತದೆ ಎಂದು ಅಣುಗಳ ಮಟ್ಟದಲ್ಲಿ ನೋಡುವ ಉಪಕರಣ ಆಗ ಇರಲಿಲ್ಲ. ಹುಳಿಯನ್ನು ಅಳೆಯುವ ಪಿಎಚ್ ಅಳತೆಗೋಲು ಬಂದದ್ದೇ 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್ಸನ್ ಕೈಯಿಂದ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಆಮ್ಲೀಯತೆ ಎಂದರೆ ಊಟದ ನಂತರ ಎದೆಯುರಿ ತರುವ ‘ಆಸಿಡಿಟಿ’ ಅಲ್ಲ. ಕೊಲೆಸ್ಟ್ರಾಲ್ ಎಂದರೆ ರಕ್ತಪರೀಕ್ಷೆಯ ವರದಿಯಲ್ಲಿ ಹೆದರಿಸುವ ಅಂಕಿಯೂ ಅಲ್ಲ. ‘ಕ್ಷಾರೀಯ ನೀರು’ ಕುಡಿದರೆ ದೇಹದ ಕೊಬ್ಬೆಲ್ಲ ಕರಗುತ್ತದೆ ಎಂದು ಬಾಟಲಿ ಮಾರುವವರಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರುವಂತೆ ಶ್ವಾಸಕೋಶವೂ ಮೂತ್ರಪಿಂಡವೂ ನೋಡಿಕೊಳ್ಳುತ್ತವೆ. ಬಾಟಲಿಯ ನೀರು ಅದನ್ನು ಅಲ್ಲಾಡಿಸಲಾರದು. ನಾವು ನೋಡಬೇಕಾದ ಆಮ್ಲೀಯತೆ ಇರುವುದು ದೇಹದ ಹೊರಮೈಯಲ್ಲಿ, ಚರ್ಮದ ಮೇಲೆ. ಅಲ್ಲಿಗೆ ಹೋಗುವ ಮುನ್ನ ಅಣುವಿನ ಕಥೆ.

ಪಾಮಿಟಿಕ್ ಆಮ್ಲವನ್ನು ತೆಗೆದುಕೊಳ್ಳೋಣ. ತಾಳೆ ಎಣ್ಣೆಯಲ್ಲಿ, ತುಪ್ಪದಲ್ಲಿ, ನಮ್ಮ ಮೈಯಲ್ಲಿ ಎಲ್ಲ ಕಡೆ ಇರುವ ಕೊಬ್ಬಿನಾಮ್ಲ ಇದು. 16 ಇಂಗಾಲದ ಪರಮಾಣುಗಳ ನೇರ ಸರಪಳಿ. ಅದರ ಬಾಲಕ್ಕೆ ನೀರು ಎಂದರೆ ಆಗದು. ತಲೆಯ ಕಡೆ ಎರಡು ಆಮ್ಲಜನಕದ ಪರಮಾಣುಗಳೂ ಒಂದು ಹೈಡ್ರೋಜನ್ನೂ ಇವೆ. ಸುತ್ತಲಿನ ನೀರು ಕ್ಷಾರೀಯವಾಗಿದ್ದರೆ ಆ ಹೈಡ್ರೋಜನ್ ಪ್ರೋಟಾನಾಗಿ ಕಳಚಿಕೊಂಡು ಹೋಗುತ್ತದೆ. ತಲೆಯ ಮೇಲೆ ಋಣ ವಿದ್ಯುದಂಶ ಉಳಿಯುತ್ತದೆ. ಈಗ ತಲೆಗೆ ನೀರು ಬೇಕು, ಪಕ್ಕದ ತಲೆ ಬೇಡ, ಏಕೆಂದರೆ ಅಲ್ಲೂ ಋಣ, ಇಲ್ಲೂ ಋಣ. ಇದೇ ಸಾಬೂನಿನ ಸ್ಥಿತಿ. ನೀರು ಆಮ್ಲೀಯವಾದರೆ ಪ್ರೋಟಾನು ವಾಪಸು ಬಂದು ಕೂರುತ್ತದೆ, ವಿದ್ಯುದಂಶ ಅಳಿಯುತ್ತದೆ. ಎರಡೆರಡು ತಲೆಗಳು ಎದುರುಬದುರಾಗಿ ಹೈಡ್ರೋಜನ್ ಬಂಧದಲ್ಲಿ ಜೋಡಿಯಾಗುತ್ತವೆ, ಬಾಲಗಳು ನೆಟ್ಟಗೆ ಚಾಚಿ ಒತ್ತೊತ್ತಾಗಿ ಕೂತು ಸ್ಫಟಿಕವಾಗುತ್ತವೆ. ಸಾಬೂನು ನೀರಿನ ಲೋಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ನೊರೆ ಸತ್ತು ನೀರು ಹಾಲಿನಂತೆ ಬೆಳ್ಳಗಾಗುವುದು ಈ ಕಾರಣಕ್ಕೆ. (ಬೋರ್‌ವೆಲ್ ನೀರಿನಲ್ಲಿ ಸಾಬೂನು ಗರಣೆ ಕಟ್ಟುವುದು ಬೇರೆ ಕಥೆ, ಅಲ್ಲಿ ತಪ್ಪು ಕ್ಯಾಲ್ಸಿಯಮ್‌ನದು.) ಹೀಗೆ ಸಿಗುವ ಗಟ್ಟಿ ಕೊಬ್ಬಿನಾಮ್ಲದಿಂದ ಮೇಣದಬತ್ತಿ ಮಾಡಲು ಶೆವ್ರೆಲ್ ಮತ್ತು ಆತನ ಸಮಕಾಲೀನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ 1825ರಲ್ಲಿ ಪೇಟೆಂಟನ್ನೂ ಪಡೆದರು.

ಪ್ರೋಟಾನು ಬಿಟ್ಟುಹೋಗುವುದು ಯಾವ ಪಿಎಚ್‌ನಲ್ಲಿ? ಉತ್ತರ ಸರಳವಲ್ಲ, ಸ್ವಾರಸ್ಯವಿರುವುದೂ ಇಲ್ಲೇ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತಲೆಯೂ ಪಾಮಿಟಿಕ್ ಆಮ್ಲದ ತಲೆಯೂ ಒಂದೇ ಬಗೆಯವು. ನೀರಿನಲ್ಲಿ ಒಂಟಿಯಾಗಿ ತೇಲುವ ಅಸಿಟಿಕ್ ಆಮ್ಲದ ಅಣುಗಳಲ್ಲಿ ಅರ್ಧದಷ್ಟು ಪ್ರೋಟಾನು ಕಳೆದುಕೊಳ್ಳುವುದು ಪಿಎಚ್ 4.8ರ ಹತ್ತಿರ. ಅದೇ ತಲೆಗಳು ಒಂದು ಪದರದಲ್ಲಿ ಸಾಲಾಗಿ ಒತ್ತಿ ನಿಂತಾಗ ಲೆಕ್ಕ ಬದಲಾಗುತ್ತದೆ. ಮೊದಲ ಕೆಲವು ತಲೆಗಳು ಪ್ರೋಟಾನು ಬಿಟ್ಟುಕೊಟ್ಟವೆನ್ನಿ; ಪದರಕ್ಕೆ ಋಣ ವಿದ್ಯುದಂಶ ಬಂತು, ಅದು ಸುತ್ತಲಿನ ಪ್ರೋಟಾನುಗಳನ್ನು ತನ್ನತ್ತ ಸೆಳೆಯಿತು. ಪಕ್ಕದವನಿಗೆ ತನ್ನ ಪ್ರೋಟಾನನ್ನು ಬಿಡುವುದು ಈಗ ಇನ್ನೂ ಕಷ್ಟ. ಹೀಗೆ ಗುಂಪಿನಲ್ಲಿರುವ ಕೊಬ್ಬಿನಾಮ್ಲದ ಅರ್ಧದಾರಿ 4.8ರಿಂದ ಜಾರಿ ಪಿಎಚ್ 7, 8ರ ಕಡೆಗೆ ಹೋಗುತ್ತದೆ. ಪಿಎಚ್‌ನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು. ಅರ್ಧದಾರಿ 8 ಎಂದಿಟ್ಟುಕೊಂಡರೆ, ಪಿಎಚ್ 10ರಲ್ಲಿ ನೂರಕ್ಕೆ 99 ತಲೆಗಳಿಗೆ ಪ್ರೋಟಾನಿಲ್ಲ, ಅವು ಬೋಳು. ಪಿಎಚ್ 5ರಲ್ಲಿ ಸಾವಿರಕ್ಕೆ ಒಂದು ಮಾತ್ರ ಬೋಳು.

ನಡುವಿನ ಪಿಎಚ್‌ನಲ್ಲಿ ಅರ್ಧ ತಲೆಗಳಿಗೆ ಪ್ರೋಟಾನು ಇದೆ, ಅರ್ಧಕ್ಕೆ ಇಲ್ಲ. ಆಗ ಪ್ರೋಟಾನು ಉಳ್ಳದ್ದೂ ಇಲ್ಲದ್ದೂ ಅದನ್ನು ಹಂಚಿಕೊಂಡು ಜೊತೆಯಾಗುತ್ತವೆ. ಇದಕ್ಕೆ ಆಮ್ಲ ಸಾಬೂನು ಎನ್ನುತ್ತಾರೆ. ಶೆವ್ರೆಲ್ ಕಂಡ ಮುತ್ತಿನ ಹೊಳಪಿನ ಹಕ್ಕಳೆ ಇದೇ. ಉದ್ದ ಬಾಲದ, ಅಂಕುಡೊಂಕಿಲ್ಲದ ಆಮ್ಲವಾದರೆ ಅದು ಹಕ್ಕಳೆಯಾಗುತ್ತದೆ. ಬಾಲದ ನಡುವೆ ಒಂದು ಬಾಗು ಇರುವ ಓಲಿಯಿಕ್ ಆಮ್ಲವಾದರೆ ಹಕ್ಕಳೆಯ ಬದಲು ಪೊರೆ ಹುಟ್ಟುತ್ತದೆ. ಎರಡು ಸಾಲು ಅಣುಗಳು ಬಾಲಕ್ಕೆ ಬಾಲ ತಾಗಿಸಿ ಮಡಿಚಿ, ಒಳಗೆ ನೀರು ತುಂಬಿಕೊಂಡ ಸಣ್ಣ ಗುಳ್ಳೆಗಳಾಗುತ್ತವೆ. 1973ರಲ್ಲಿ ಆಸ್ಟ್ರೇಲಿಯಾದ ಗೆಬಿಕಿ ಮತ್ತು ಹಿಕ್ಸ್ ಇಂಥ ಗುಳ್ಳೆಗಳನ್ನು ವರದಿ ಮಾಡಿದರು. ಭೂಮಿಯ ಮೊದಲ ಜೀವಕೋಶಗಳ ಪೊರೆ ಹೀಗಿದ್ದಿರಬಹುದು ಎಂಬ ಚರ್ಚೆ ಇಂದಿಗೂ ನಡೆದಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಿಂದ ತೆಗೆದ ವಸ್ತುಗಳೂ ಇಂಥ ಗುಳ್ಳೆ ಕಟ್ಟಬಲ್ಲವು ಎಂದು ವಿಜ್ಞಾನಿ ಡೇವಿಡ್ ಡೀಮರ್ 1985ರಲ್ಲಿ ತೋರಿಸಿದರು. ಆ ಕಾಲದ ಪೊರೆಗಳಲ್ಲಿ ಕೊಲೆಸ್ಟ್ರಾಲ್ ಇದ್ದಿರಲಾರದು. ಅದನ್ನು ಕಟ್ಟಲು ಜೀವಕೋಶಕ್ಕೆ ಆಮ್ಲಜನಕ ಬೇಕು; ಆದಿಯ ಭೂಮಿಯ ಗಾಳಿಯಲ್ಲಿ ಅದು ಇರಲಿಲ್ಲ.

ಇನ್ನು ಕೊಲೆಸ್ಟ್ರಾಲ್. ನಾಲ್ಕು ಉಂಗುರಗಳು ಬೆಸೆದ ಚಪ್ಪಟೆ, ಬಿರುಸು ಅಣು. ಒಂದು ತುದಿಯಲ್ಲಿ ಪುಟ್ಟ ಹೈಡ್ರಾಕ್ಸಿಲ್ ಗುಂಪು. ಈ ಗುಂಪು ಚರ್ಮದ ಪಿಎಚ್‌ನಲ್ಲಾಗಲಿ, ಸಾಬೂನಿನ ಪಿಎಚ್‌ನಲ್ಲಾಗಲಿ ಪ್ರೋಟಾನು ಬಿಡುವುದಿಲ್ಲ. ಅಂದರೆ ಹುಳಿಯ ಮಾತು ಕೊಲೆಸ್ಟ್ರಾಲಿಗೆ ಕೇಳಿಸುವುದೇ ಇಲ್ಲ. ನೀರಿನಲ್ಲಿ ಒಂಟಿಯಾಗಿ ಬಿಟ್ಟರೆ ಪೊರೆ ಕಟ್ಟುವ ಶಕ್ತಿಯೂ ಅದಕ್ಕಿಲ್ಲ. ಸುಮ್ಮನೆ ಸ್ಫಟಿಕವಾಗಿ ಕೂರುತ್ತದೆ. ಅದರ ಕಸುಬು ಗೊತ್ತಾಗುವುದು ಇತರ ಅಣುಗಳ ನಡುವೆ ಸೇರಿದಾಗ. ಪಕ್ಕದ ಬಾಲಗಳು ತೀರಾ ಅಲುಗಾಡುತ್ತಿದ್ದರೆ ಅವನ್ನು ನೆಟ್ಟಗೆ ನಿಲ್ಲಿಸುತ್ತದೆ. ತೀರಾ ಬಿಗಿಯಾಗಿ ಸ್ಫಟಿಕವಾಗ ಹೊರಟರೆ ನಡುವೆ ತೂರಿ ಸಡಿಲಿಸುತ್ತದೆ. ಹಾಗೆ ಸಿಗುವುದು ದ್ರವವೂ ಅಲ್ಲದ, ಘನವೂ ಅಲ್ಲದ ಒಂದು ಸ್ಥಿತಿ: ಬಾಲಗಳು ನೆಟ್ಟಗಿವೆ, ಆದರೆ ಅಣುಗಳು ಪೊರೆಯಲ್ಲಿ ಅತ್ತಿತ್ತ ಓಡಾಡಬಲ್ಲವು. ಇದನ್ನು ಶಿಸ್ತಿನ ದ್ರವ ಎನ್ನೋಣ. ನಮ್ಮ ಜೀವಕೋಶಗಳ ಹೊರಪೊರೆ ಕೊಲೆಸ್ಟ್ರಾಲನ್ನು ಇಟ್ಟುಕೊಂಡಿರುವ ಮುಖ್ಯ ಕಾರಣಗಳಲ್ಲಿ ಇದೊಂದು.

ಈ ಇಬ್ಬರನ್ನೂ ಒಂದೆಡೆ ಸೇರಿಸಿ ಹುಳಿ ಹಿಂಡಿ ನೋಡಿದ ಕೆಲಸವೊಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಶೆಲ್ ಲಾಫ್ಲೂರ್ ಅವರ ಗುಂಪಿನಿಂದ 2003ರಲ್ಲಿ ಪ್ರಕಟವಾಯಿತು. ಅವರು ತೆಗೆದುಕೊಂಡ ಪಾಕ: ನೂರು ಅಣುಗಳಲ್ಲಿ 30 ಪಾಮಿಟಿಕ್ ಆಮ್ಲ, 70 ಕೊಲೆಸ್ಟ್ರಾಲ್. ಈ ಅನುಪಾತವೇ ವಿಚಿತ್ರ. ಜೀವಕೋಶದ ಪೊರೆಯಲ್ಲಿ ಕೊಲೆಸ್ಟ್ರಾಲ್ ಅರ್ಧವನ್ನು ದಾಟುವುದು ಅಪರೂಪ; ಇಲ್ಲಿ ಅದೇ ಬಹುಮತ. ಪಾಮಿಟಿಕ್ ಆಮ್ಲದ ಬಾಲದಲ್ಲಿ ಸಾದಾ ಹೈಡ್ರೋಜನ್ ಜಾಗಕ್ಕೆ ಅದರ ಭಾರದ ಸೋದರ ಡ್ಯುಟೀರಿಯಮ್ಮನ್ನು ಕೂರಿಸಿ, ಕಾಂತಕ್ಷೇತ್ರದೊಳಗಿಟ್ಟು ಅದರ ಪರಮಾಣು ಬೀಜಗಳಿಂದ ಬರುವ ಎನ್‌ಎಂಆರ್ ಸಂಕೇತ ಕೇಳಿದರು. ಬಾಲ ಮಿಸುಕದೆ ಸ್ಫಟಿಕದಲ್ಲಿ ಕೂತಿದೆಯೋ, ಪೊರೆಯಲ್ಲಿ ಗಿರಗಿರನೆ ತಿರುಗುತ್ತಿದೆಯೋ, ನೀರಿನಲ್ಲಿ ಮನಬಂದಂತೆ ಹೊರಳುತ್ತಿದೆಯೋ ಎಂಬುದು ಸಂಕೇತದ ಆಕಾರದಿಂದಲೇ ತಿಳಿಯುತ್ತದೆ.

ಆಮ್ಲೀಯ ನೀರಿನಲ್ಲಿ, ಕೋಣೆಯ ತಾಪದಲ್ಲಿ, ಪಾಕ ಗಟ್ಟಿಯಾಗಿತ್ತು. ಕೊಬ್ಬಿನಾಮ್ಲ ತನ್ನ ಪಾಡಿಗೆ ತಾನು ಸ್ಫಟಿಕ, ಕೊಲೆಸ್ಟ್ರಾಲ್ ತನ್ನ ಪಾಡಿಗೆ ತಾನು ಸ್ಫಟಿಕ. ಕಾಯಿಸಿದಾಗ ಮಾತ್ರ ಎರಡೂ ಬೆರೆತು ಪೊರೆಯಾದವು. ಕ್ಷಾರೀಯ ನೀರಿನಲ್ಲಿ ಕಾಯಿಸುವ ಅಗತ್ಯವೇ ಬೀಳಲಿಲ್ಲ. ಕೋಣೆಯ ತಾಪದಲ್ಲೇ ಎರಡೂ ಕಲೆತು ಶಿಸ್ತಿನ ದ್ರವದ ಪೊರೆಯಾಗಿ ನಿಂತವು, ತಾಪ ಏರಿಸಿದರೂ ಹಾಗೆಯೇ ಉಳಿದವು. ಇನ್ನೂ ಮುಖ್ಯವಾದದ್ದು, ತಾಪವನ್ನು ಮುಟ್ಟದೆ ಬರೀ ಪಿಎಚ್ ಬದಲಿಸಿದರೂ ಸಾಕು, ಗಟ್ಟಿ ಮಿಶ್ರಣಕ್ಕೂ ಪೊರೆಗೂ ನಡುವೆ ಹೋಗಿಬರಬಹುದಿತ್ತು.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪ್ರೋಟಾನು ಇರುವ ಆಮ್ಲಕ್ಕೆ ತನ್ನಂಥದೇ ಇನ್ನೊಂದು ಆಮ್ಲದ ಜೊತೆಯೇ ಹಿತ. ಕೊಲೆಸ್ಟ್ರಾಲ್ ನಡುವೆ ಬಂದರೆ ಅಡ್ಡಿ. ಪ್ರೋಟಾನು ಕಳೆದುಕೊಂಡ ಆಮ್ಲಕ್ಕೆ ತನ್ನಂಥದರಿಂದ ದೂರ ಬೇಕು. ವಿದ್ಯುದಂಶವಿಲ್ಲದ, ಸಣ್ಣ ತಲೆಯ ಕೊಲೆಸ್ಟ್ರಾಲ್ ನಡುವೆ ನಿಂತರೆ ಆ ದೂರ ಸಿಗುತ್ತದೆ. ಕೊಲೆಸ್ಟ್ರಾಲ್ ಬದಲಾಗಲೇ ಇಲ್ಲ, ಬದಲಾದದ್ದು ನೆರೆಯವನ ಸ್ವಭಾವ. ಎರಡು ಒಂಟಿ ಸ್ಫಟಿಕಗಳಿಂದ, ತಾವಾಗಿ ಪೊರೆ ಕಟ್ಟಲು ಬಾರದ ಎರಡು ವಸ್ತುಗಳಿಂದ, ಬಿಗಿಯಾದ ಪೊರೆಯೊಂದು ಹುಟ್ಟುತ್ತದೆ ಎಂಬುದು ನನಗಂತೂ ಈ ಪ್ರಯೋಗದ ಅತಿ ಚೆಲುವಾದ ಭಾಗ.

ಇಂಥ ಪೊರೆಯ ಗುಳ್ಳೆಯೊಳಗೆ ಔಷಧ ತುಂಬಿ, ಹುಳಿ ಇರುವ ಜಾಗದಲ್ಲಿ ಅದು ತಾನಾಗಿ ಒಡೆಯುವಂತೆ ಮಾಡಬಹುದೇ ಎಂಬ ಆಸೆ ಸಹಜ. ಪಿಎಚ್‌ಗೆ ಸ್ಪಂದಿಸುವ ಇಂಥ ಕೊಬ್ಬಿನ ಗುಳ್ಳೆಗಳ, ಅಂದರೆ ಲೈಪೋಸೋಮ್‌ಗಳ ಯೋಚನೆ 1980ರಿಂದಲೂ ಇದೆ. ಜೀವಕೋಶ ಹೊರಗಿನಿಂದ ನುಂಗಿದ್ದನ್ನು ಇಟ್ಟುಕೊಳ್ಳುವ ಚೀಲಗಳ ಒಳಗೆ ಪಿಎಚ್ 5, 6ಕ್ಕೆ ಇಳಿಯುತ್ತದೆ. ಔಷಧ ಬಿಡುಗಡೆಗೆ ಅದೇ ಸೂಚನೆಯಾಗಬಲ್ಲದು. ಆದರೆ ಕೊಬ್ಬಿನಾಮ್ಲದ ಗುಳ್ಳೆಗೆ ರಕ್ತದ ಪಿಎಚ್ 7.4 ಎಂಬುದೇ ತೂಗುಗತ್ತಿ. ಅರ್ಧದಾರಿಗೆ ಅಷ್ಟು ಹತ್ತಿರವಿದ್ದರೆ ಗುರಿ ಮುಟ್ಟುವ ಮೊದಲೇ ಸೋರುವ ಭಯ.

ಮಾಂಟ್ರಿಯಲ್‌ನವರು ಈ ಎರಡು ವಸ್ತುಗಳನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ನಮ್ಮ ಚರ್ಮದ ಅತಿ ಮೇಲಿನ ಪದರದಲ್ಲಿ ಇರುವ ಕೊಬ್ಬು ಮುಖ್ಯವಾಗಿ ಮೂರು ಬಗೆ: ಸೆರಮೈಡ್, ಕೊಲೆಸ್ಟ್ರಾಲ್, ಬಿಡಿ ಕೊಬ್ಬಿನಾಮ್ಲ. ಅಣುಗಳ ಲೆಕ್ಕದಲ್ಲಿ ಮೂರೂ ಹೆಚ್ಚುಕಡಿಮೆ ಸಮಪಾಲು. ಈ ಪದರದ ದಪ್ಪ ಮೈಯ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ನೂರರಲ್ಲಿ ಒಂದೋ ಎರಡೋ ಪಾಲು ಅಷ್ಟೇ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ವಿಷ ಒಳಗೆ ಬಾರದಂತೆ ತಡೆಯುವ ಹೊಣೆಯ ಬಹುಪಾಲು ಅದರದೇ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ ಎಂದು ಕ್ಯಾಲಿಫೋರ್ನಿಯಾದ ಚರ್ಮತಜ್ಞ ಪೀಟರ್ ಇಲಾಯಸ್ 1980ರ ದಶಕದಲ್ಲಿ ಕೊಟ್ಟ ಹೋಲಿಕೆ ಈಗ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳಿಗೂ ಬಾಯಿಪಾಠ. ಆ ಗಾರೆಯ ಬಹುಪಾಲು ಮೈಬಿಸಿಯಲ್ಲೂ ಗಟ್ಟಿಯೇ. ಅಲ್ಲಿನ ಕೊಬ್ಬಿನಾಮ್ಲಗಳ ಬಾಲ ಪಾಮಿಟಿಕ್‌ಗಿಂತ ಉದ್ದ, 24, 26 ಇಂಗಾಲದವು ಹೆಚ್ಚು. ಬಿಗಿಯಾಗಿ ಜೋಡಣೆಯಾಗುವುದಕ್ಕೆ ಅದೂ ನೆರವು.

ಆರೋಗ್ಯವಂತ ಚರ್ಮದ ಮೇಲ್ಮೈ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸು. ಇದಕ್ಕೆ ಆಮ್ಲ ಕವಚ ಎಂಬ ಹೆಸರು ಕೊಟ್ಟವರು ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನೀನಿ, 1928ರಲ್ಲಿ. ಮೇಲಿನಿಂದ ಒಳಕ್ಕೆ ಹೋದಂತೆ ಪಿಎಚ್ ಏರುತ್ತ 7ರ ಹತ್ತಿರ ಬರುತ್ತದೆ. ಆ ತೆಳು ಪದರದೊಳಗೇ ಆಮ್ಲೀಯತೆ ನೂರು ಪಟ್ಟು ಬದಲಾಗುತ್ತದೆ ಎಂದಾಯಿತು. ಒಳಗಡೆ ಕೊಬ್ಬಿನಾಮ್ಲದ ಒಂದು ಪಾಲು ತಲೆ ಬೋಳಾಗಿರುತ್ತದೆ. ಜೀವಕೋಶಗಳ ಜೊತೆ ಮೇಲೇರುತ್ತ ಅದಕ್ಕೆ ಪ್ರೋಟಾನು ಸಿಗುತ್ತದೆ, ಗಾರೆ ಬಿಗಿಯಾಗುತ್ತದೆ. ಪಿಎಚ್ ಇಳಿಜಾರಿಗೆ ಇಂಥದೊಂದು ಪಾತ್ರವಿದೆ ಎಂಬುದು ಸಂಶೋಧಕರ ಊಹೆ. ಒಳ್ಳೆಯ ಊಹೆಯೇ. ಆದರೆ ಸೆರಮೈಡ್ ಇಲ್ಲದ, ಎರಡೇ ವಸ್ತುಗಳ ಪರೀಕ್ಷಾನಳಿಗೆಯ ಪಾಕವನ್ನು ಜೀವಂತ ಚರ್ಮದ ತದ್ರೂಪು ಎಂದು ಹಿಡಿಯುವುದು ಆತುರವಾದೀತು.

ಅದೂ ಅಲ್ಲದೆ ಚರ್ಮದಲ್ಲಿ ಹುಳಿ ಮಾಡುವ ಕೆಲಸ ಒಂದೇ ಅಲ್ಲ. ಸೆರಮೈಡ್ ತಯಾರಿಸುವ ಕಿಣ್ವಗಳು ಚುರುಕಾಗಿರುವುದು ಆಮ್ಲೀಯ ಪಿಎಚ್‌ನಲ್ಲಿ. ಸತ್ತ ಜೀವಕೋಶಗಳ ನಡುವಿನ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳು ಚುರುಕಾಗುವುದು ಪಿಎಚ್ ಏರಿದಾಗ. ಅಂದರೆ ಪಿಎಚ್ ಏರಿದ ಚರ್ಮದಲ್ಲಿ ಕಟ್ಟುವವರು ಮಂಕು, ಕೆಡವುವವರು ಚುರುಕು. ಹುಟ್ಟಿದ ಮಗುವಿನ ಚರ್ಮದ ಪಿಎಚ್ ತಟಸ್ಥದ ಹತ್ತಿರವಿದ್ದು, ಮುಂದಿನ ವಾರಗಳಲ್ಲಿ ಕೆಳಗಿಳಿಯುತ್ತದೆ. ಒದ್ದೆ ಬಟ್ಟೆಯಲ್ಲೇ ಮಗುವನ್ನು ಬಿಟ್ಟರೆ ಮೂತ್ರದಿಂದ ಹುಟ್ಟುವ ಅಮೋನಿಯಾ ಪಿಎಚ್ ಏರಿಸಿ, ಮಲದಲ್ಲಿರುವ ಕಿಣ್ವಗಳನ್ನು ಕೆರಳಿಸುತ್ತದೆ; ತೊಡೆಸಂದು ಕೆಂಪಾಗುವುದರಲ್ಲಿ ಇದರ ಪಾಲೂ ಇದೆ. ಎಕ್ಸಿಮಾ ಇರುವವರ ಚರ್ಮದಲ್ಲೂ ಪಿಎಚ್ ಸಾಮಾನ್ಯಕ್ಕಿಂತ ಮೇಲಿರುವುದು ಕಂಡುಬಂದಿದೆ.

ಇಂಥ ಮೈಗೆ ನಾವು ದಿನಾ ಉಜ್ಜುವುದು ಪಿಎಚ್ 9, 10ರ ಸಾಬೂನು. ಅದರ ನೊರೆ ಮೇಲ್ಮೈ ಪಿಎಚ್ ಏರಿಸುತ್ತದೆ, ಗಾರೆಯ ಸ್ವಲ್ಪ ಕೊಬ್ಬನ್ನೂ ತೊಳೆದು ಒಯ್ಯುತ್ತದೆ. ಆರೋಗ್ಯವಂತ ಚರ್ಮ ಕೆಲವು ಗಂಟೆಗಳಲ್ಲಿ ತನ್ನ ಹುಳಿಯನ್ನು ಮರಳಿ ಪಡೆಯುತ್ತದೆ. ಅದರ ಬಗ್ಗೆ ನಿದ್ದೆಗೆಡುವ ಅಗತ್ಯವಿಲ್ಲ. ಮೊದಲೇ ಒಣಗಿ ಬಿರಿದ ಚರ್ಮಕ್ಕೆ ಮಾತ್ರ ಆ ಕೆಲವು ಗಂಟೆ ಭಾರ. ಹಾಗೆಂದು ಹುಳಿ ಬೇಕೆಂದು ನಿಂಬೆಹಣ್ಣನ್ನೇ ಮುಖಕ್ಕೆ ತಿಕ್ಕುವ ಮನೆಮದ್ದಿಗೆ ನನ್ನ ಸಮ್ಮತಿಯಿಲ್ಲ. ನಿಂಬೆರಸದ ಪಿಎಚ್ 2ರ ಹತ್ತಿರ. ಅದು ಚರ್ಮಕ್ಕಿಂತ ನೂರಾರು ಪಟ್ಟು ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು.

‘ಪಿಎಚ್ 5.5 ಸಾಬೂನು’ ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ನಿಜವಾದ ಸಾಬೂನು ಅಷ್ಟು ಹುಳಿಯಾಗಿರಲು ಸಾಧ್ಯವೇ ಇಲ್ಲ. ಅಷ್ಟು ಕೆಳಗೆ ಇಳಿಸಿದರೆ ಅದು ಸಾಬೂನಾಗಿ ಉಳಿಯುವುದಿಲ್ಲ, ಶೆವ್ರೆಲ್‌ನ ಮೇಣವಾಗುತ್ತದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಎಲ್ಲ ಸಾಬೂನಿಗೂ, ಬೆಂಗಳೂರಿನಲ್ಲಿ ಶುರುವಾದ ನಮ್ಮ ಸರ್ಕಾರಿ ಕಾರ್ಖಾನೆಯ ಗಂಧದ ಸಾಬೂನಿಗೂ ಇದೇ ನಿಯಮ. ಪಿಎಚ್ 5.5 ಎಂದು ಬರೆದ ಬಿಲ್ಲೆಗಳು ಸಿಂಡೆಟ್‌ಗಳು, ಸಂಶ್ಲೇಷಿತ ಮಾರ್ಜಕಗಳು. ಅವುಗಳ ತಲೆಯಲ್ಲಿರುವುದು ಐಸೆಥಿಯೊನೇಟ್‌ನಂಥ ಗುಂಪು. ಚರ್ಮದ ಹುಳಿಯಲ್ಲೂ ಅದು ಪ್ರೋಟಾನನ್ನು ಹಿಡಿದುಕೊಳ್ಳುವುದಿಲ್ಲ, ಹಾಗಾಗಿ ನೊರೆ ಸಾಯುವುದಿಲ್ಲ. ಎಕ್ಸಿಮಾ ಇರುವವರಿಗೆ ಚರ್ಮವೈದ್ಯರು ಇವನ್ನು ಸೂಚಿಸುವುದರಲ್ಲಿ ಅರ್ಥವಿದೆ. ಮಿಕ್ಕವರಿಗೆ ಅದು ಬೆಲೆಯ ಮಾತು.

ಇನ್ನೊಂದು ಗೊಂದಲ ಟಿಎಫ್‌ಎಂ. ಸಾಬೂನಿನ ಹೊದಿಕೆಯ ಮೇಲೆ ಶೇಕಡಾವಾರಾಗಿ ಅಚ್ಚಾಗುವ ಈ ಅಂಕಿ ಒಟ್ಟು ಕೊಬ್ಬಿನಂಶದ ಲೆಕ್ಕ. ಭಾರತೀಯ ಮಾನಕದಂತೆ ಮೈಸಾಬೂನಿನ ಗ್ರೇಡ್ 1ಕ್ಕೆ ಅದು ಕನಿಷ್ಠ 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60 ಇರಬೇಕು. ‘ಬೇದಿಂಗ್ ಬಾರ್’ ಎಂದು ಬರೆದ ಬಿಲ್ಲೆಗೆ 40 ಇದ್ದರೂ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಸಾಬೂನಿನ ದ್ರಾವಣಕ್ಕೆ ಖನಿಜಾಮ್ಲ ಸುರಿದು, ಬೇರ್ಪಟ್ಟ ಕೊಬ್ಬಿನಾಮ್ಲವನ್ನು ತೂಗಿ. ಟಿಎಫ್‌ಎಂ ಹೆಚ್ಚಿದ್ದರೆ ಬಿಲ್ಲೆಯಲ್ಲಿ ಸಾಬೂನು ಹೆಚ್ಚು, ತುಂಬುಪದಾರ್ಥ ಕಡಿಮೆ. ಅದರ ಆಮ್ಲೀಯತೆಯ ಬಗ್ಗೆ ಆ ಅಂಕಿ ಒಂದಕ್ಷರವನ್ನೂ ಹೇಳುವುದಿಲ್ಲ. ಸಂಶಯವಿದ್ದವರು ಶಾಲಾ ಪ್ರಯೋಗಾಲಯದ ಪಿಎಚ್ ಕಾಗದದ ಚೂರೊಂದನ್ನು ಸಾಬೂನಿನ ನೀರಿಗೆ ಅದ್ದಿ ನೋಡಬಹುದು: ಗ್ರೇಡ್ ಒಂದೇ ಇರಲಿ, ಮೂರೇ ಇರಲಿ, ಕಾಗದ ತೋರಿಸುವುದು 9, 10ರ ಬಣ್ಣವನ್ನೇ.